ಬಿಳಿ ನೂಲಿನ ಮೂರು ಸುತ್ತು

ಗಾಳದ ಕೋಲು ಎಂದರೆ ತುದಿಗೆ ದಾರ ಕಟ್ಟಿದ ಉದ್ದನೆಯ ಕಡ್ಡಿ, ಅಷ್ಟೇ ತಾನೆ ಎಂದುಕೊಂಡವರು ಈ ಮನೆಯ ಮುಂದಿನ ಕೋಣೆಗೆ ಕಾಲಿಡಬಾರದು. ಇಟ್ಟರೂ ಆ ಮಾತನ್ನು ಬಾಯಿಬಿಟ್ಟು ಆಡಬಾರದು. ಆಡಿದರೋ, ಕೋಲುಮಾವ ಕನ್ನಡಕವನ್ನು ಹಣೆಗೇರಿಸಿ, ಅವರನ್ನು ಸ್ಟೂಲಿನ ಮೇಲೆ ಕೂರಿಸಿ, ಕೋಲಿನ ಬೆನ್ನು ಯಾವುದು ಹೊಟ್ಟೆ ಯಾವುದು ಎಂದು ಶುರುಮಾಡಿಬಿಡುತ್ತಾರೆ. ಕೊಂಡು ತಂದ ಸೊಪ್ಪು ಚೀಲದಲ್ಲೇ ಬಾಡಿದರೂ ಅವರ ಮಾತು ಮುಗಿಯುವುದಿಲ್ಲ.

ಬೀದಿಯವರೆಲ್ಲ ಅವರನ್ನು ಕೋಲುಮಾವ ಎನ್ನುವುದು ಬಾಯಿಮಾತಿಗೆ. ನಿಜವಾಗಿಯೂ ಮಾವ ಎನ್ನುವ ಹಕ್ಕಿರುವುದು ಒಬ್ಬಳಿಗೇ, ಅವರ ಸೊಸೆಗೆ. ಈ ಕಥೆ ಅವಳದು.

ಅವಳು ದರ್ಜಿಯ ಮಗಳು. ನಡೆಯಲು ಕಲಿಯುವ ಮೊದಲೇ ಸೂಜಿಗೆ ದಾರ ಪೋಣಿಸಿದಳು ಎಂದು ಅವಳಪ್ಪ ಹೇಳುತ್ತಿದ್ದರು. ಅಪ್ಪಂದಿರ ಲೆಕ್ಕದಲ್ಲಿ ಅರ್ಧ ಬಿಟ್ಟರೂ ಉಳಿದರ್ಧ ನಿಜ. ಮದುವೆಯಾಗಿ ಬಂದ ಹೊಸದರಲ್ಲಿ ಒಂದು ದಿನ ಮುಂದಿನ ಕೋಣೆಯ ಬಾಗಿಲಲ್ಲಿ ನಿಂತು, ಮಾವ ಕೋಲಿಗೆ ಉಂಗುರ ಕಟ್ಟುವುದನ್ನು ನೋಡುತ್ತಿದ್ದಳು. ಗಾಳದ ದಾರ ಹಾದುಹೋಗುವ ಉಂಗುರಗಳವು. ಒಂದೊಂದು ಉಂಗುರದ ಕಾಲನ್ನೂ ಕೋಲಿಗೆ ಒತ್ತಿಹಿಡಿದು ಅದರ ಮೇಲೆ ನೂಲು ಸುತ್ತಬೇಕು, ಸುತ್ತಿನ ಪಕ್ಕಕ್ಕೆ ಸುತ್ತು, ನಡುವೆ ಕೂದಲೆಳೆಯಷ್ಟೂ ಸಂದಿಲ್ಲದ ಹಾಗೆ. ನೂಲು ಬಿಗಿಯಾಗಿ ಬರಲೆಂದು ಮಾವ ಅದನ್ನು ಹಳೆಯ ದಪ್ಪ ಟೆಲಿಫೋನ್ ಡೈರೆಕ್ಟರಿಯ ಹಾಳೆಗಳ ನಡುವಿನಿಂದ ಎಳೆದುಕೊಳ್ಳುತ್ತಿದ್ದರು.

"ಮಾವ, ಇದು ಕಾಜಾ ಹೊಲಿದ ಹಾಗೇ ಅಲ್ವಾ?" ಎಂದಳು.

ಮಾವನಿಗೆ ಮೈಯೆಲ್ಲ ಉರಿಯಿತು. "ಹೌದಾ? ಹಾಗಾದ್ರೆ ಬಾಮ್ಮ, ಒಂದು ಕಾಜಾ ಹೊಲಿ ನೋಡೋಣ," ಎಂದು ಕೋಲನ್ನೇ ಅವಳ ಮುಂದಿಟ್ಟರು.

ಅವಳು ಸುತ್ತಿದಳು. ಚಮಚದ ಹಿಂಬದಿಯಿಂದ ಉಜ್ಜಿ ನೂಲನ್ನು ಒಪ್ಪಮಾಡಿದಳು. ಮಾವ ಭೂತಗನ್ನಡಿ ಹಿಡಿದು ಸಂದಿ ಹುಡುಕಿದರು, ಬೆಳಕಿಗೆ ಹಿಡಿದು ಹುಡುಕಿದರು, ಉಗುರಿನಿಂದ ಕೆರೆದೂ ಹುಡುಕಿದರು. ಸಿಗಲಿಲ್ಲ. "ಹ್ಞೂಂ" ಎಂದರು. ಆ "ಹ್ಞೂಂ" ಎಷ್ಟು ದೊಡ್ಡ ಮಾತು ಎಂದು ತಿಳಿಯಲು ಆ ಮನೆಯಲ್ಲಿ ಕೆಲವು ವರ್ಷ ಬಾಳಬೇಕು. ಅಂದಿನಿಂದ ಸುತ್ತುವ ಕೆಲಸವೆಲ್ಲ ಅವಳದಾಯಿತು.

ಕೋಣೆಯಲ್ಲಿ ಮಾವನ ಕಾನೂನೇ ಕಾನೂನು. ನೂಲಿನ ಮೇಲೆ ಎಪಾಕ್ಸಿ, ಅಂದರೆ ಒಣಗಿದರೆ ಗಾಜಿನಂತಾಗುವ ಅಂಟು, ಹಚ್ಚುವ ದಿನ ಧೂಳು ಕೂರಬಾರದೆಂದು ಫ್ಯಾನ್ ಹಾಕುವಂತಿಲ್ಲ, ಕಸ ಗುಡಿಸುವಂತಿಲ್ಲ, ಅವಳ ಗಂಡ ಆ ಕಡೆ ಬಂದು ತಲೆ ಬಾಚುವಂತಿಲ್ಲ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆದ ಅವನಿಗೆ ಗಾಳವೆಂದರೆ ಅಷ್ಟಕ್ಕಷ್ಟೇ. ಆದರೂ ಕೆಟ್ಟುಹೋದ ಮೈಕ್ರೋವೇವಿನ ತಟ್ಟೆ ತಿರುಗಿಸುವ ಮೋಟಾರನ್ನು ಬಿಚ್ಚಿ ತಂದು ಕೊಟ್ಟವನು ಅವನೇ. ಎಪಾಕ್ಸಿ ಒಂದೇ ಕಡೆ ಇಳಿದು ಗಂಟು ಕಟ್ಟದ ಹಾಗೆ ಆ ಮೋಟಾರು ಕೋಲನ್ನು ಇಡೀ ದಿನ ಮೆಲ್ಲಗೆ ಹೊರಳಿಸುತ್ತಿರುತ್ತದೆ.

ಮಾವನ ದೊಡ್ಡ ಸಿದ್ಧಾಂತ ಕೋಲಿನ ಬೆನ್ನಿನದು. ಬರಿಯ ಕಾರ್ಬನ್ ಕೋಲಿನ ತುದಿಯನ್ನು ಮೇಜಿನ ಮೇಲೂರಿ ನಡುವನ್ನು ಅಂಗೈಯಿಂದ ಒತ್ತಿ ಉರುಳಿಸಿದರೆ, ಒಂದು ಕಡೆ ಅದು ತಾನಾಗಿ ಹೊರಳಿ ಟಕ್ಕನೆ ನಿಲ್ಲುತ್ತದೆ. ಅದೇ ಬೆನ್ನು, ಅದರ ಎದುರು ಬದಿ ಹೊಟ್ಟೆ. ಬೆನ್ನಿನ ನೇರಕ್ಕೆ ಉಂಗುರಗಳನ್ನು ಒಂದೇ ಸಾಲಿನಲ್ಲಿ ಕಟ್ಟಬೇಕು, ಬಗ್ಗಿಸಿದಾಗ ಕೋಲು ತಿರುಚಿಕೊಳ್ಳುವುದಿಲ್ಲ ಎಂಬುದು ಅವರ ವಾದ. ಬೆನ್ನು ಗಿನ್ನು ಏನೂ ಇಲ್ಲ, ಕೋಲು ಯಾವ ಕಡೆ ನೆಟ್ಟಗಿದೆಯೋ ಆ ಕಡೆ ಕಟ್ಟಿದರೆ ಸಾಕು ಎನ್ನುವವರೂ ಉಂಟು. ಅಂಥವರಿಗೆ ಮಾವ ಚಹಾ ಕೊಡಿಸುತ್ತಿರಲಿಲ್ಲ. ಆತುರಪಡುವವರಿಗೆ "ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು" ಎನ್ನುತ್ತಿದ್ದರು.

ಕಟ್ಟಿದ್ದೆಲ್ಲ ಮುತ್ತೇ, ಅದರಲ್ಲಿ ಎರಡು ಮಾತಿಲ್ಲ. ಪ್ರತಿ ಕೋಲಿನಲ್ಲೂ ಕಾರ್ಕಿನ ಹಿಡಿ ಮುಗಿಯುವಲ್ಲಿ ಕೆಂಪು ನೂಲಿನ ಮೂರು ಸುತ್ತು ಇರುತ್ತಿತ್ತು. ಅದು ಮಾವನ ಗುರುತು. ಆ ಕೆಂಪು ಕಂಡರೆ ಕೆರೆಯ ದಡದಲ್ಲಿ ಜನ ಕೋಲನ್ನು ಎರಡು ಕೈಯಲ್ಲಿ ಇಸಿದುಕೊಳ್ಳುತ್ತಿದ್ದರು. ವರ್ಷಗಳಿಂದ ಆ ಮೂರು ಸುತ್ತನ್ನೂ ಸುತ್ತುತ್ತಿದ್ದವಳು ಸೊಸೆಯೇ. ಒಮ್ಮೆ ಧೈರ್ಯಮಾಡಿ ಕೇಳಿದಳು: "ಮಾವ, ನಂದೂ ಒಂದು ಗುರುತು ಹಾಕ್ಲಾ?"

ಮಾವ ಬೈಯಲಿಲ್ಲ. "ಕೈ ನಿಂದು, ಒಪ್ಕೋತೀನಿ. ಆದ್ರೆ ತಲೆ ನಂದಲ್ವಾ? ನಿನ್ನ ತಲೆಯಿಂದ ಒಂದು ಕೋಲು ಕಟ್ಟಿದ ದಿನ ನಿನ್ನ ಗುರುತು ಹಾಕು."

ನ್ಯಾಯವಾದ ಮಾತು. ನ್ಯಾಯವಾಗಿದ್ದರಿಂದಲೇ ಅವಳಿಗೆ ಹೆಚ್ಚು ಚುಚ್ಚಿತು. ಅಂದಿನಿಂದ ಅವಳಿಗೆ ಬೇಕಾಗಿದ್ದು ಅದೊಂದೇ, ತನ್ನ ತಲೆಯಿಂದ ಹುಟ್ಟಿದ ಒಂದು ಕೋಲು.

ಅದಕ್ಕೆ ದಾರಿ ಮಾಡಿಕೊಟ್ಟವರು ದೊಡ್ಡತ್ತೆ, ಅಂದರೆ ಮಾವನ ಅಕ್ಕ. ತಮ್ಮನಿಗೆ ಗಾಳ ಹಾಕಲು ಕಲಿಸಿದವರೇ ಅವರು. ಮೀನಿಗಿಂತ ಹೆಚ್ಚಾಗಿ ತಮ್ಮನನ್ನು ಆಡಿಸುವುದೆಂದರೆ ಅವರಿಗೆ ಇಷ್ಟ. ಬಚ್ಚಲಲ್ಲಿ ಜಾರಿಬಿದ್ದು ಅವರ ಮಣಿಕಟ್ಟು ಮುರಿದಿತ್ತು. ಮೂಳೆ ಕೂಡಿದರೂ ಬಲ ಬರಲಿಲ್ಲ. ಮಾವ ಹಗುರವಾದ ಕೋಲು ಕಟ್ಟಿಕೊಟ್ಟರು. ಅದನ್ನು ಅಕ್ಕ ಹಿಂದಕ್ಕೆ ತಂದರು. ಮಾವ ಇನ್ನೂ ಹಗುರದ್ದು ಕಟ್ಟಿದರು. ಅದನ್ನೂ ಅಕ್ಕ ತಂದು ಮೇಜಿನ ಮೇಲಿಟ್ಟರು.

"ಭಾರದ್ದಲ್ಲ ಕಣೋ ತಕರಾರು. ಮೀನು ಎಳೆದ್ರೆ ಕೋಲು ಕೈಯಲ್ಲೇ ಮಗ್ಗುಲು ಬದಲಾಯಿಸತ್ತೆ. ನಂಗೆ ಹಿಡಿಯೋಕಾಗಲ್ಲ."

"ಬೆನ್ನು ನೋಡಿ ಕಟ್ಟಿದ ಕೋಲು ತಿರುಚಲ್ಲ ಅಕ್ಕ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ."

ತಮಾಷೆಗೆ ಅಂದದ್ದು. ಆದರೆ ದೊಡ್ಡತ್ತೆ ನಗಲಿಲ್ಲ. "ಹೌದಪ್ಪ, ನಂಗೆ ಕುಣಿಯೋಕೆ ಬರಲ್ಲ. ನನ್ನ ರೀಲನ್ನ ಯಾರಿಗಾದ್ರೂ ಕೊಟ್ಬಿಡು. ಇನ್ನು ಕೆರೆ ಕಡೆ ಬರಲ್ಲ," ಎಂದು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು.

ಮಾವ ಆ ದಿನ ಊಟಕ್ಕೆ ಕೂತರೂ ಉಣ್ಣಲಿಲ್ಲ. ಊರಿಗೆಲ್ಲ ಕೋಲು ಕಟ್ಟಿದವರು, ಗಾಳ ಹಿಡಿಯಲು ಕಲಿಸಿದ ಅಕ್ಕನಿಗೆ ಒಂದು ಕಟ್ಟಿಕೊಡಲಾಗಲಿಲ್ಲವಲ್ಲ.

ಸೊಸೆ ಮಾತ್ರ ದೊಡ್ಡತ್ತೆಯ ಮಾತನ್ನೇ ಮೆಲುಕು ಹಾಕುತ್ತಿದ್ದಳು. ಅಪ್ಪನ ಅಂಗಡಿಗೆ ಪ್ಯಾಂಟಿನ ಕಾಲು ತಿರುಚಿಕೊಳ್ಳುತ್ತದೆ ಎಂದು ದೂರಿಕೊಂಡು ಬರುವವರಿದ್ದರು. ಅಪ್ಪ ಹೊಲಿಗೆಯನ್ನು ನೋಡುತ್ತಲೇ ಇರಲಿಲ್ಲ. ಬಟ್ಟೆಯ ಎಳೆ ಒಂದು ಕಡೆ, ಕತ್ತರಿ ಹೋದದ್ದು ಇನ್ನೊಂದು ಕಡೆ. ಹೊಲಿಗೆ ಎಷ್ಟು ಚೆನ್ನಾಗಿದ್ದರೇನು, ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುತ್ತಿದ್ದರು. ದೊಡ್ಡತ್ತೆಯ ಕೋಲಿನಲ್ಲಿ ದಾರ ಸುತ್ತಿಡುವ ರೀಲೂ ಮೇಲೆ, ಉಂಗುರಗಳೂ ಮೇಲೆ. ಮೀನು ಎಳೆಯುವುದು ಕೆಳಕ್ಕೆ. ಮೇಲಿರುವ ಉಂಗುರಗಳೆಲ್ಲ ಕೆಳಗಿಳಿಯಲು ನೋಡುತ್ತವೆ, ಜೊತೆಗೆ ಕೋಲನ್ನೂ ಹೊರಳಿಸುತ್ತವೆ. ಗಟ್ಟಿ ಕೈಯವರಿಗೆ ಅದು ಗೊತ್ತೇ ಆಗುವುದಿಲ್ಲ. ಬೆನ್ನು ಪಾಪ ಏನು ಮಾಡೀತು?

"ರೀಲು ಕೆಳಗೆ ನೇತಾಡೋ ಕೋಲು ಕೊಟ್ರೆ?" ಎಂದು ದೊಡ್ಡತ್ತೆಯನ್ನೇ ಹೋಗಿ ಕೇಳಿದಳು.

"ಹೆಬ್ಬೆರಳ ಕೆಳಗೆ ದಾರ ಇಲ್ದಿದ್ರೆ ಅದು ಗಾಳಾನೇ ಅಲ್ಲ," ಎಂದರು ದೊಡ್ಡತ್ತೆ. ತಮ್ಮನಿಗೆ ತಕ್ಕ ಅಕ್ಕ.

ಹಾಗಾದರೆ ರೀಲು ಮೇಲೇ ಇರಲಿ, ಉಂಗುರಗಳು ಇಳಿಯಲಿ. ಮೊದಲನೆಯದು ಮೇಲೆ, ಮುಂದಿನದು ಸ್ವಲ್ಪ ಪಕ್ಕಕ್ಕೆ, ಅದರ ಮುಂದಿನದು ಇನ್ನಷ್ಟು ಕೆಳಕ್ಕೆ, ಆಮೇಲೆ ತುದಿಯವರೆಗೂ ಹೊಟ್ಟೆಯ ಕಡೆಗೇ. ದಾರ ಕೋಲನ್ನು ಅರ್ಧ ಸುತ್ತು ಬಳಸಿ ಕೆಳಗೆ ಹೋಗುತ್ತದೆ. ಹೀಗೆ ಕಟ್ಟಿದ ಕೋಲೊಂದು ಹಿಂದೆ ರಿಪೇರಿಗೆ ಬಂದಿತ್ತು. ಆಗ ಮಾವ ನಕ್ಕಿದ್ದ ನಗು ಅವಳಿಗೆ ನೆನಪಿತ್ತು.

ಅವಳು ಒಂದು ಕೋಲಿಗೆ ಉಂಗುರಗಳನ್ನು ಟೇಪಿನಿಂದ ಹಾಗೆ ಅಂಟಿಸಿ ತೋರಿಸಿದಾಗ ಮಾವ ಈಗಲೂ ನಕ್ಕರು. "ಕಂಬಕ್ಕೆ ಬಳ್ಳಿ ಹಬ್ಬಿಸಿದ ಹಾಗಿದೆ. ಇದನ್ನ ಹಿಡ್ಕೊಂಡು ಅಕ್ಕ ನಾಲ್ಕು ಜನರ ಮುಂದೆ ನಿಲ್ಲೋದಾ?"

"ನಿಂತು ನೋಡ್ಲಿ ಮಾವ."

ಅವಳು ಕೋಲಿನ ಹಿಡಿಯನ್ನು ಗೋಡೆಯ ಕೊಂಡಿಯಲ್ಲಿ ಸಡಿಲವಾಗಿ ಕೂರಿಸಿ, ದಾರದ ತುದಿಗೆ ನೀರಿನ ಬಕೆಟ್ ಕಟ್ಟಿದಳು. ಮಾವನ ಹಳೆಯ ಕೋಲು ಬಗ್ಗಿತು, ನಡುಗಿತು, ಸರ್ರನೆ ಹೊರಳಿ ಉಂಗುರಗಳನ್ನು ಕೆಳಗೆ ಮಾಡಿಕೊಂಡಿತು. ಟೇಪಿನಿಂದ ಉಂಗುರ ಅಂಟಿಸಿದ ಅವಳ ಕೋಲು ಬಗ್ಗಿತು, ಹಾಗೆಯೇ ನಿಂತಿತು. ಮಾವ ಬಂದು ಬಕೆಟ್ಟನ್ನು ಕೈಯಿಂದ ಎತ್ತಿ ತೂಗಿ ನೋಡಿದರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಮನುಷ್ಯ, ಅಷ್ಟು ಸುಲಭಕ್ಕೆ ಬಗ್ಗುವವರೇ?

"ಬಕೆಟ್ ಮೀನಲ್ಲ," ಎಂದು ಎದ್ದುಹೋದರು. ಆದರೆ ಬೇಡ ಎನ್ನಲಿಲ್ಲ.

ಅವಳು ಆ ಕೋಲನ್ನು ಯಾರ ಕೈಯನ್ನೂ ತಾಕಿಸದೆ ಕಟ್ಟಿದಳು. ದೊಡ್ಡತ್ತೆಯ ಅಂಗೈ ಅಳತೆ ತಂದು ಕಾರ್ಕ್ ಉಜ್ಜಿದಳು. ಉಂಗುರಗಳಿಗೆ ಕಡುಹಸಿರು ನೂಲು ಸುತ್ತಿದಳು. ಕೊನೆಗೆ ಹಿಡಿ ಮುಗಿಯುವಲ್ಲಿ ತನ್ನ ಗುರುತು ಹಾಕಿದಳು: ಅಪ್ಪನ ಅಂಗಡಿಯಿಂದ ತಂದ ಉಂಡೆಯ ಬಿಳಿ ರೇಷ್ಮೆ ನೂಲು, ಮೂರು ಸುತ್ತು. ಕಪ್ಪು ಕೋಲಿನ ಮೇಲೆ ಹಾಲಿನಂತೆ ಎದ್ದು ಕಂಡಿತು. ಅದನ್ನು ನೋಡುತ್ತ ಅವಳಿಗೆ ಎಷ್ಟು ಹಿಗ್ಗಾಯಿತೆಂದರೆ, ಗಂಡನನ್ನು ಕರೆದು ತೋರಿಸಿದಳು. ಅವನು "ಚೆನ್ನಾಗಿದೆ, ಊಟಕ್ಕೇನು?" ಎಂದ.

ಎಡವಟ್ಟಾಗಿದ್ದು ಆ ಹಿಗ್ಗಿನಲ್ಲೇ. ತಿಳಿ ಬಣ್ಣದ ನೂಲಿಗೆ ಎಪಾಕ್ಸಿಗಿಂತ ಮೊದಲು ಹಾಲಿನಂಥ ಒಂದು ದ್ರಾವಣ ಹಚ್ಚಿ ಒಣಗಿಸಬೇಕು. ಬಣ್ಣ ಕಾಯುತ್ತದೆಂದು ಈ ಮನೆಯಲ್ಲಿ ಅದಕ್ಕೆ ಕಾವಲು ನೀರು ಎನ್ನುತ್ತಾರೆ. ಮಾವ ಕಟ್ಟುವುದೆಲ್ಲ ಗಾಢ ಬಣ್ಣ. ಅದರ ಗೊಡವೆಯೇ ಇರಲಿಲ್ಲ. "ಬಿಳಿ ನೂಲು ಎಪಾಕ್ಸಿ ಕುಡಿದ್ರೆ ಗಾಜು" ಎಂದು ಅವರು ನೂರು ಸಲ ಹೇಳಿದ್ದರು. ನೂರು ಸಲವೂ ಅವಳು ತಲೆಯಾಡಿಸಿದ್ದಳು. ಅಂದು ಕುಂಚ ಅದ್ದಿ ಸೀದಾ ಬಳಿದುಬಿಟ್ಟಳು. ನೋಡನೋಡುತ್ತಿದ್ದಂತೆ ಬಿಳಿ ಬೂದಿಯಾಯಿತು, ಬೂದಿ ನೀರಾಯಿತು, ಆಮೇಲೆ ಕೋಲಿನ ಕಪ್ಪು ಬಿಟ್ಟು ಏನೂ ಉಳಿಯಲಿಲ್ಲ.

ಅಳು ಬಂತು. ಒರೆಸಿ ತೆಗೆಯಲು ಹೋದರೆ ಎಪಾಕ್ಸಿ ಇನ್ನೂ ಹಸಿಯಾಗಿರುವ ಹಸಿರು ಸುತ್ತುಗಳೂ ಕೆದರುತ್ತವೆ. ಗುರುತು ಹೋಯಿತೆಂದು ಕೆಲಸ ಕೆಡಿಸುವ ಹೆಣ್ಣಲ್ಲ ಅವಳು. ಮೋಟಾರು ಹಾಕಿದಳು. ಕೋಲು ಮೆಲ್ಲಗೆ ಹೊರಳತೊಡಗಿತು. ಯಾರಿಗೂ ಹೇಳಲಿಲ್ಲ.

ದೊಡ್ಡತ್ತೆಯನ್ನು ಕೆರೆಗೆ ಹೊರಡಿಸಲು ಅವಳು ಎರಡು ಸಲ ಅವರ ಮನೆಗೆ ಹೋಗಬೇಕಾಯಿತು. ಮಾವ "ನಾನು ಸುಮ್ನೆ ಗಾಳಿಗೆ ಬಂದೆ" ಎನ್ನುತ್ತ ಹಿಂದೆ ಬಂದರು. ಬಿಸಿಲು ಏರುವ ಹೊತ್ತಿಗೆ ದಾರ ಜಗ್ಗಿತು. ಸಣ್ಣ ಮೀನಲ್ಲ. ಕೋಲು ಬಿಲ್ಲಾಯಿತು, ರೀಲು ಕಿರುಗುಟ್ಟಿತು. ಮಾವ ಹಿಡಿಯಲೆಂದು ಕೈ ಚಾಚಿ ಮುಂದೆ ಬಂದರು.

"ಮುಟ್ಬೇಡ!" ಎಂದು ದೊಡ್ಡತ್ತೆ ಗದರಿದರು.

ಮೀನು ಎಡಕ್ಕೆ ಎಳೆಯಿತು, ಬಲಕ್ಕೆ ಎಳೆಯಿತು. ಸೊಸೆ ನೋಡುತ್ತಿದ್ದುದು ಮೀನನ್ನಲ್ಲ, ದೊಡ್ಡತ್ತೆಯ ಮಣಿಕಟ್ಟನ್ನು. ಅದು ಅಲುಗಲಿಲ್ಲ. ಕೋಲು ಅವರ ಕೈಯಲ್ಲಿ ಒಂದಿಷ್ಟೂ ಹೊರಳಲಿಲ್ಲ. ಮೀನು ದಡಕ್ಕೆ ಬಂದಾಗ ದೊಡ್ಡತ್ತೆ ಅದನ್ನು ನೋಡಲೂ ಇಲ್ಲ, ತಮ್ಮನ ಕಡೆ ತಿರುಗಿ, "ಈಗ ಹೇಳು, ನೆಲ ಡೊಂಕಾ?" ಎಂದು ಮನಸಾರೆ ನಕ್ಕರು.

ದಡದಲ್ಲಿದ್ದವರೆಲ್ಲ ಬಂದು ಕೂಡಿದರು. ಸೈಕಲ್ ಅಂಗಡಿಯವನು ಕೋಲನ್ನು ತಿರುಗಿಸಿ ತಿರುಗಿಸಿ ನೋಡಿದ. "ಕೋಲುಮಾವ, ನಿಮ್ಮ ಕೆಂಪು ಇಲ್ವಲ್ಲ ಇದ್ರಲ್ಲಿ? ಯಾರು ಕಟ್ಟಿದ್ದು?"

ಮಾವ ಕೋಲು ತೆಗೆದುಕೊಂಡು ಹಿಡಿಯ ಮೇಲ್ಗಡೆ ನೋಡಿದರು. ಏನೂ ಇರಲಿಲ್ಲ. ಸೊಸೆಯ ಕಡೆ ನೋಡಿದರು. "ಯಾಕಮ್ಮ, ಗುರುತು ಹಾಕಿಲ್ವಾ?"

"ಹಾಕಿದ್ದೆ ಮಾವ," ಎಂದಳು, ದನಿ ಇಳಿದಿತ್ತು. "ಬಿಳೀದು. ಕಾವಲು ನೀರು ಮರೆತೆ."

ಮಾವ ಕಣ್ಣು ಮುಚ್ಚಿದರು. ಹೆಬ್ಬೆರಳನ್ನು ಹಿಡಿಯಿಂದ ಮೇಲಕ್ಕೆ ಮೆಲ್ಲಗೆ ಸರಿಸಿದರು. ಬೆರಳು ಒಂದು ಕಡೆ ನಿಂತಿತು. ಎಪಾಕ್ಸಿಯ ಒಳಗೆ ಮೂರು ಸುತ್ತು ಸಿಕ್ಕಿತು.

"ನೂರು ಸಲ ಹೇಳಿದ್ದೆ!" ಎಂದು ಜೋರಾಗಿ ನಕ್ಕರು. ಆಮೇಲೆ ಸೈಕಲ್ ಅಂಗಡಿಯವನ ಕೈ ಹಿಡಿದೆಳೆದು ಅವನ ಬೆರಳನ್ನು ಅಲ್ಲಿಗೆ ಒತ್ತಿದರು. "ನೋಡು, ಇಲ್ಲಿದೆ. ಕಣ್ಣಿಗೆ ಕಾಣಲ್ಲ, ಬೆರಳಿಟ್ಟು ನೋಡು. ನನ್ನ ಸೊಸೆ ಕಟ್ಟಿದ್ದು. ಕೈನೂ ಅವಳದೇ, ತಲೆನೂ ಅವಳದೇ."

ಒಬ್ಬರಾದ ಮೇಲೊಬ್ಬರು ಬಂದು ಬೆರಳಿಟ್ಟು ನೋಡಿದರು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಅಂದು ಹಿತ್ತಲ ಗಿಡದ ಎಲೆಯನ್ನು ಊರೇ ಮುಟ್ಟಿ ನೋಡಿತು, ಮುಟ್ಟಿಸಿದವರು ಮನೆಯ ಯಜಮಾನರೇ. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಬೆವರು ಎಂದಳು, ಯಾರೂ ನಂಬಲಿಲ್ಲ.

ಬಿಚ್ಚಿ ಮತ್ತೆ ಬಿಳಿಯಾಗಿ ಕಟ್ಟಿಕೊಡುತ್ತೇನೆಂದರೆ ದೊಡ್ಡತ್ತೆ ಕೋಲು ಬಿಟ್ಟುಕೊಡಲಿಲ್ಲ. "ನನ್ನ ಬೆರಳು ಅಲ್ಲೇ ಕೂರೋದು. ನಂಗೆ ಸಿಗುತ್ತೆ, ಸಾಕು. ನೀನು ಮುಟ್ಬೇಡ."

ಮರುದಿನ ಬೆಳಗ್ಗೆ ಅವಳು ಮುಂದಿನ ಕೋಣೆಗೆ ಬಂದಾಗ ಮೇಜಿನ ಮೇಲೆ ಮಾವನ ಸ್ವಂತ ಕೋಲಿತ್ತು. ಯೌವನದಲ್ಲಿ ಕಟ್ಟಿಕೊಂಡದ್ದು, ಯಾರಿಗೂ ಕೊಡದೆ ಬಳಸಿದ್ದು. ಉಂಗುರಗಳನ್ನೆಲ್ಲ ಬಿಚ್ಚಿದ್ದರು. ಕೆಂಪು ಸುತ್ತನ್ನೂ ಬ್ಲೇಡಿನಿಂದ ತಾವೇ ಕೆರೆದು ತೆಗೆದಿದ್ದರು. ಕೆಂಪು ನೂಲಿನ ಚೂರು ಮೇಜಿನ ಮೇಲೆ ಇನ್ನೂ ಬಿದ್ದಿತ್ತು.

"ಅಕ್ಕನ ಕೋಲಿನ ಹಾಗೆ ಉಂಗುರ ತಿರುಗಿಸಿ ಕಟ್ಟು," ಎಂದರು ಮಾವ, ಅವಳ ಕಡೆ ನೋಡದೆ.

"ಕೆಂಪು ನೂಲು ತರ್ಲಾ ಮಾವ?"

"ಕೆಂಪು ಯಾಕೆ? ಕಟ್ಟೋದು ನೀನು ತಾನೆ?" ಮಾವ ಕಪಾಟಿನಿಂದ ಕಾವಲು ನೀರಿನ ಸೀಸೆ ತೆಗೆದು, ಧೂಳು ಒರೆಸಿ, ಅವಳ ಮುಂದಿಟ್ಟರು. "ಮೊದಲು ಇದನ್ನ ಹಚ್ಚು. ಅಕ್ಕನಿಗೆ ಬೆರಳಿಗೆ ಸಿಕ್ಕಿದ್ರೆ ಸಾಕಂತೆ. ನಂಗೆ ಸಾಲಲ್ಲ. ನಂಗೆ ಅದು ಕಣ್ಣಿಗೆ ಕಾಣ್ಬೇಕು."