ಕರ್ಪೂರದ ವಾಸನೆಯ ಚಹಾ

ಚಹಾದ ಬಿಲ್ಲೆಯನ್ನು ದೇವರ ಕಪಾಟಿನಲ್ಲಿ ಇಟ್ಟವಳು ನಾನೇ. ಸಿಂಗಪುರದ ಬೆಡೋಕ್‌ನಲ್ಲಿ ನಾನೂ ನನ್ನ ಗೆಳತಿಯೂ ಬಾಡಿಗೆಗಿದ್ದ ಫ್ಲ್ಯಾಟಿನಲ್ಲಿ ಅಡುಗೆಮನೆಯ ತುಂಬ ಒಗ್ಗರಣೆಯ ವಾಸನೆ, ಮಲಗುವ ಕೋಣೆಗಳಲ್ಲಿ ಏಸಿಯ ಒಣಗಾಳಿ. ಹಳೆಯದಾಗಬೇಕಾದ ಚಹಾಕ್ಕೆ ಎರಡೂ ಆಗದು ಎಂದು ಅದನ್ನು ಮಾರಿದ ಪಕ್ಕದ ಅಂಗಡಿಯ ಚೀನೀ ಅಂಕಲ್ ಹೇಳಿದ್ದರು. ಉಳಿದದ್ದು ಹಾಲ್‌ನಲ್ಲಿದ್ದ ಮರದ ಪುಟ್ಟ ಕಪಾಟು. ಮೇಲಿನ ಅರೆಯಲ್ಲಿ ನನ್ನ ವಿಭೂತಿ, ಊದುಬತ್ತಿ, ಕರ್ಪೂರದ ಡಬ್ಬಿ. ಕೆಳಗಿನ ಅರೆ ಖಾಲಿ. ಕತ್ತಲಿತ್ತು, ಸ್ವಲ್ಪ ಗಾಳಿಯೂ ಆಡುತ್ತಿತ್ತು, ಯಾರೂ ಕೈಹಾಕುವ ಜಾಗವಲ್ಲ. ಚಹಾದ ಎಲೆ ಪಕ್ಕದಲ್ಲಿರುವ ವಾಸನೆಯನ್ನೆಲ್ಲ ಹೀರಿಕೊಳ್ಳುತ್ತದೆ ಎಂಬುದು ರಸಾಯನಶಾಸ್ತ್ರ ಓದಿದ ನನಗೆ ಆಗ ಹೊಳೆಯಲಿಲ್ಲ.

ಅದು ಪು-ಅರ್ ಚಹಾ. ಚೀನಾದ ನೈಋತ್ಯದ ಬೆಟ್ಟಗಳಲ್ಲಿ ಬೆಳೆಯುವ ದೊಡ್ಡ ಎಲೆಯ ಮರಗಳದ್ದು. ಹಿಂದೆ ಅದನ್ನು ಹಬೆಯಲ್ಲಿ ಮೆತ್ತಗಾಗಿಸಿ, ತಟ್ಟೆಯಷ್ಟಗಲದ ಬಿಲ್ಲೆಗಳಾಗಿ ಒತ್ತಿ, ಹೇಸರಗತ್ತೆಗಳ ಮೇಲೆ ಹೇರಿ ಟಿಬೆಟ್ಟಿನವರೆಗೆ ಸಾಗಿಸುತ್ತಿದ್ದರಂತೆ. ದಾರಿಯ ಮಳೆ, ಬಿಸಿಲು, ಬೆವರಿನ ನಡುವೆ ಅದು ತಾನಾಗಿ ಹುದುಗಿ, ತಲುಪುವ ಹೊತ್ತಿಗೆ ಬೇರೆಯೇ ಚಹಾ ಆಗಿರುತ್ತಿತ್ತು. ಇದರಲ್ಲಿ ಎರಡು ಬಗೆ. ಹಸಿ ಬಿಲ್ಲೆಯನ್ನು ಸುಮ್ಮನೆ ಇಟ್ಟು ವರ್ಷಗಟ್ಟಲೆ ಕಾಯಬೇಕು. ಇನ್ನೊಂದನ್ನು ಎಲೆಯ ರಾಶಿಗೆ ನೀರು ಹಾಕಿ, ಮುಚ್ಚಿ, ಬಿಸಿಯೇರಿಸಿ ಕೆಲವೇ ವಾರಗಳಲ್ಲಿ ಕಪ್ಪಾಗಿಸುತ್ತಾರೆ. ನೋಡುವುದಕ್ಕೆ ಕೊನೆಯಲ್ಲಿ ಎರಡೂ ಕಪ್ಪು. ನಾವು ಕೊಂಡದ್ದು ಹಸಿಯದು, ಇಬ್ಬರೂ ಸೇರಿ, ಈ ಊರಿಗೆ ಬಂದ ಮೊದಲ ವರ್ಷ.

ಗೆಳತಿ ಮೈಸೂರಿನವಳು. ಪಾಯಾ ಲೆಬಾರ್‌ನ ಆಫೀಸಿನಲ್ಲಿ ನನ್ನ ಪಕ್ಕದ ಸೀಟು. ನಾನು ಬೇಗ ಯಾರೊಂದಿಗೂ ಬೆರೆಯುವವಳಲ್ಲ. ನನ್ನ ಹುಬ್ಬಳ್ಳಿಯ ಮಾತನ್ನೂ ಹೊರಗಿನವರೆದುರು ತಿದ್ದಿಕೊಂಡು ಆಡುತ್ತೇನೆ. ಅವಳೆದುರು ಮಾತ್ರ ತಿದ್ದುತ್ತಿರಲಿಲ್ಲ.

ಆ ಬಿಲ್ಲೆಯ ಅಂಚನ್ನು ಮೊದಲ ಬಾರಿ ದಬ್ಬಣದಂಥ ಸೂಜಿಯಿಂದ ಎಬ್ಬಿಸಿದಾಗ ಅವಳು ಮೂಗು ಹತ್ತಿರ ತಂದು ಬಿದ್ದು ಬಿದ್ದು ನಕ್ಕಳು.

"ಏನೇ ಇದು! ಮಂಗಳಾರತಿ ತಟ್ಟೆ ವಾಸನೆ ಬರ್ತಿದೆ!"

"ಸುಳ್ಳ ಹೇಳಬ್ಯಾಡ."

"ನಿಮ್ಮಾಣೆ ಸ್ವಾಮಿಗಳೇ. ಕುಡಿದ್ಮೇಲೆ ತಲೆಗೆ ಕೈ ಸವರ್ಕೋಬೇಕಾ ಹೇಗೆ?"

ಅಂಕಲ್‌ಗೆ ಒಂದು ತುಣುಕು ಒಯ್ದು ತೋರಿಸಿದೆವು. ಅವರೂ ನಕ್ಕರು. ಚೆನ್ನಾಗಿ ಹಳೆಯದಾದ ಚಹಾಕ್ಕೆ ಕರ್ಪೂರದ ಛಾಯೆ ತಾನಾಗಿ ಬರುತ್ತದೆ, ಜನ ಅದಕ್ಕಾಗಿಯೇ ಹುಡುಕುತ್ತಾರೆ, ನೀವು ಕಾಯುವುದನ್ನು ಬಿಟ್ಟು ಅಂಗಡಿಯಿಂದಲೇ ತಂದು ಸೇರಿಸಿದ್ದೀರಿ ಎಂದರು. ಕಪಾಟಿನಿಂದ ತೆಗೆಯಬೇಕೇ ಎಂದು ಕೇಳಿದೆ. "ಈಗ್ಯಾಕೆ ಲಾ," ಎಂದರು ತಮ್ಮ ಸಿಂಗಪುರದ ಧಾಟಿಯಲ್ಲಿ. "ಇಂಥದ್ದು ಬೇರೆ ಯಾರ ಹತ್ರವೂ ಇಲ್ಲ."

ಆಮೇಲೆ ಅದು ನಮ್ಮ ರೂಢಿಯಾಯಿತು. ದೀಪಾವಳಿಯ ಬೆಳಿಗ್ಗೆ ಅಂಚಿನಿಂದ ಒಂದು ಚೂರು ಎಬ್ಬಿಸುವುದು. ಕುದಿಯುವ ನೀರು ಹೊಯ್ದು ಮೊದಲ ಸಲದ್ದನ್ನು ಚೆಲ್ಲುವುದು. ಅದು ಎಲೆಯನ್ನು ತೊಳೆದು ಎಚ್ಚರಿಸುವುದಕ್ಕೆ. ನಂತರ ಮುಚ್ಚಳದ ಪುಟ್ಟ ಬಟ್ಟಲಿಗೆ ಮತ್ತೆ ಮತ್ತೆ ನೀರು, ಪ್ರತಿ ಸಲ ಒಂದೆರಡು ಉಸಿರಿನಷ್ಟು ಹೊತ್ತು. ನಾಲಿಗೆಗೆ ಮೊದಲು ಕಹಿ, ಒಗರು. ನುಂಗಿದ ಮೇಲೆ ಗಂಟಲಲ್ಲಿ ಸಿಹಿ, ನೆಲ್ಲಿಕಾಯಿ ತಿಂದು ನೀರು ಕುಡಿದಂತೆ. ಅದರ ಹಿಂದೆ ತೆಳುವಾಗಿ ಕರ್ಪೂರ. ವರ್ಷ ಕಳೆದಂತೆ ಕಹಿ ಇಳಿಯುತ್ತಿತ್ತು. ಕರ್ಪೂರ ಮಾತ್ರ ಹೋಗಲಿಲ್ಲ.

ಆಫೀಸು ನನ್ನನ್ನು ಬೆಂಗಳೂರಿನ ಪ್ರಾಜೆಕ್ಟಿಗೆ ಕಳಿಸಿದಾಗ ಬಿಲ್ಲೆ ಅವಳ ಬಳಿ ಉಳಿಯಿತು. ನಾನೊಂದು ಚೂರನ್ನು ತಗಡಿನ ಸಣ್ಣ ಡಬ್ಬಿಯಲ್ಲಿ ಹಾಕಿಕೊಂಡೆ. ನಾನು ಮರಳುವವರೆಗೆ ಉಳಿದದ್ದನ್ನು ಮುಟ್ಟಬಾರದು, ಬಂದ ದಿನ ಇಬ್ಬರೂ ಕೂತು ಕುಡಿಯಬೇಕು ಎಂದು ಅವಳೇ ನಿಯಮ ಮಾಡಿದಳು. ಆಮೇಲೆ ಅವಳು ಬೇರೆ ಕಂಪನಿ ಸೇರಿ ಬ್ಯೂನಾ ವಿಸ್ಟಾದ ಕಾಂಡೋ ಅಪಾರ್ಟ್‌ಮೆಂಟಿಗೆ ಶಿಫ್ಟ್ ಆದಳು. ಫೋನಿನಲ್ಲಿ ಹೇಳುತ್ತಿದ್ದಳು: "ನಿನ್ನ ರೂಮ್ ಖಾಲಿ ಇಟ್ಟಿದೀನಿ ಕಣೇ. ನಿನ್ನ ಮಂಗಳಾರತಿ ಟೀನೂ ಸೇಫ್."

ಪ್ರಾಜೆಕ್ಟ್ ಮುಗಿದಾಗ ಬೆಂಗಳೂರಿನಲ್ಲೇ ಒಳ್ಳೆಯ ಹುದ್ದೆ ಕೊಡುತ್ತೇವೆಂದರು. ನಾನು ಸಿಂಗಪುರವನ್ನೇ ಕೇಳಿ ಪಡೆದೆ. ಕಾರಣವನ್ನು ಯಾರಿಗೂ ಹೇಳಲಿಲ್ಲ. ಮತ್ತೆ ಅವಳೊಂದಿಗೆ ಒಂದೇ ಮನೆಯಲ್ಲಿ ಇರಬಹುದು ಎಂಬುದೇ ಕಾರಣವಾಗಿತ್ತು.

ಬಂದ ವಾರದ ಶನಿವಾರ ಬೆಳಿಗ್ಗೆ ಅವಳ ಕಾಂಡೋಗೆ ಹೋದೆ. ನನ್ನ ಹಳೆಯ ಬಟ್ಟಲುಗಳನ್ನು ಮೇಜಿನ ಮೇಲೆ ಜೋಡಿಸಿದ್ದಳು. ಬಿಲ್ಲೆ ಅದೇ ತೆಳು ಕಾಗದದಲ್ಲಿತ್ತು. ನಾನು ಕಲಿಸಿದಂತೆಯೇ ಕಾಗದದ ನೆರಿಗೆಗಳನ್ನು ಬಿಲ್ಲೆಯ ಹಿಂಬದಿಯ ಕುಳಿಯೊಳಗೆ ಒತ್ತಿದ್ದಳು. ಬಿಡಿಸಿದಾಗ ಅಂಚು ಮುರಿದ ಜಾಗವೂ ಅಲ್ಲೇ ಇತ್ತು. ನನಗೆ ತುಂಬ ಸಂತೋಷವಾಯಿತು.

ನೀರು ಹೊಯ್ದವಳು ಅವಳು. ಮೊದಲನೆಯದನ್ನು ಚೆಲ್ಲಿದಳು. ಎರಡನೆಯದು ಕಷಾಯದಷ್ಟು ಕಪ್ಪಾಗಿ ಇಳಿಯಿತು. ಇಷ್ಟು ಬೇಗ ಇಷ್ಟು ಕಪ್ಪೇ ಎಂದುಕೊಂಡೆ. ಕುಡಿದೆ. ನುಣುಪಾಗಿತ್ತು. ಕಹಿಯಿಲ್ಲ, ಒಗರಿಲ್ಲ, ಗಂಟಲಲ್ಲಿ ಮರಳಿ ಬರುವ ಸಿಹಿಯಿಲ್ಲ. ಒದ್ದೆ ಮಣ್ಣಿನ ವಾಸನೆ, ಹಳೆಯ ಗೋಣಿಚೀಲದ ವಾಸನೆ. ಅಷ್ಟೇ.

ಏಸಿ ಗಾಳಿಯಲ್ಲಿ ಕರ್ಪೂರ ಹೋಗಿರಬಹುದು ಎಂದು ನಾನೇ ಅವಳ ಪರವಾಗಿ ಕಾರಣ ಹುಡುಕುತ್ತಿದ್ದೆ. ಅಷ್ಟರಲ್ಲಿ ಅವಳು ಕಣ್ಣು ಮುಚ್ಚಿ ಉಸಿರೆಳೆದುಕೊಂಡಳು.

"ಆಹಾ. ಕರ್ಪೂರ ಹಾಗೇ ಇದೆ ನೋಡೇ."

ನಾನು ಬಟ್ಟಲನ್ನು ಕೆಳಗಿಟ್ಟೆ.

"ಇದ ನಮ್ಮದಲ್ಲ."

"ಏನ್ ನಮ್ಮದಲ್ಲ? ಬೆಂಗಳೂರು ಧೂಳಿಗೆ ನಿನ್ನ ಮೂಗು ಕೆಟ್ಟೋಗಿದೆ."

ಬ್ಯಾಗಿನಿಂದ ತಗಡಿನ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿ ಅವಳ ಮುಂದೆ ಇಟ್ಟೆ. ಬಗ್ಗಿ ಮೂಸಬೇಕಾದ ಅಗತ್ಯವೇ ಇರಲಿಲ್ಲ. ಅವಳು ಅದನ್ನು ನೋಡುತ್ತ ಕೂತಳು. ಕೆಳಗಿನ ಈಜುಕೊಳದಲ್ಲಿ ಮಕ್ಕಳು ಕೂಗಾಡುವುದು ಕೇಳಿಸುತ್ತಿತ್ತು.

"ನಮ್ಮ ಡೈರೆಕ್ಟರ್‌ಗೆ ಟೀ ಹುಚ್ಚು ಕಣೇ," ಎಂದಳು ಕೊನೆಗೆ. "ಮನೇಲಿ ಟೀ ಸೆಷನ್ ಇಡ್ತಾರೆ. ಎಲ್ಲರೂ ಏನಾದ್ರೂ ತರ್ತಾರೆ. ಒಂದ್ಸಲ ಸ್ವಲ್ಪ ತಗೊಂಡು ಹೋದೆ. ಆಮೇಲೆ ಪ್ರತೀ ಸಲ ಅದನ್ನೇ ಕೇಳೋರು. ನೀನು ವಾಪಸ್ ಬರ್ತೀಯೋ ಇಲ್ವೋ ಗೊತ್ತಿರ್ಲಿಲ್ಲ. ಮತ್ತೆ ಅರ್ಧ ನಂದೇ ಅಲ್ವಾ?"

"ಹೌದ. ಅರ್ಧರ ಉಳೀಬೇಕಿತ್ತಲ್ಲ."

"ಅವ್ರಿಗೆ ಎಷ್ಟು ಇಷ್ಟ ಆಯ್ತು ಗೊತ್ತಾ? ದೇವರ ಕಪಾಟಿನ ಕಥೆ ಹೇಳಿದ್ರೆ ನಕ್ಕೂ ನಕ್ಕೂ ಸಾಕಾಯ್ತು ಎಲ್ರಿಗೂ."

"ಯಾರ ಕಪಾಟು ಅಂತ ಹೇಳಿದಿ?"

ಅವಳು ಬಟ್ಟಲಿನ ಮುಚ್ಚಳವನ್ನು ತಿರುಗಿಸುತ್ತಿದ್ದಳು. "ಕಥೆ ಹೇಳೋವಾಗ ಅದೆಲ್ಲ ಯಾರು ಹೇಳ್ತಾರೆ? ನಂದು ಅಂತಾನೇ ಹೇಳ್ದೆ."

ಚಹಾ ಮುಗಿಸಿದ್ದನ್ನು ನಾನು ಕ್ಷಮಿಸಬಹುದಿತ್ತು. ಅವಳು ಹೇಳಿದಂತೆ ಅರ್ಧ ಅವಳದೇ. ಉಳಿದರ್ಧವನ್ನೂ ಕೇಳಿದ್ದರೆ ಕೊಡುತ್ತಿದ್ದೆ. ಆದರೆ ನನ್ನ ಕಣ್ಣು ಮತ್ತೆ ಮತ್ತೆ ಬಿಲ್ಲೆಯ ಮುರಿದ ಅಂಚಿಗೇ ಹೋಗುತ್ತಿತ್ತು. ರಾಶಿ ಹಾಕಿ ಕಪ್ಪಾಗಿಸಿದ ಹೊಸ ಬಿಲ್ಲೆಯೊಂದನ್ನು ಕೊಂಡು ತಂದು, ಈ ಮೇಜಿನ ಮುಂದೆಯೇ ಕೂತು, ನಮ್ಮದು ಎಲ್ಲಿ ಎಷ್ಟು ಮುರಿದಿತ್ತೆಂದು ನೆನಪಿಸಿಕೊಂಡು ಅಲ್ಲೇ ಅಷ್ಟೇ ಮುರಿದಿದ್ದಾಳೆ. ನೆರಿಗೆ ಹಿಡಿದಿದ್ದಾಳೆ. ನಮ್ಮ ಚಹಾದ ಬಗ್ಗೆ ಅವಳಿಗೆ ಎಲ್ಲವೂ ನೆನಪಿತ್ತು, ಅದನ್ನೆಲ್ಲ ಬಳಸಿದ್ದು ಇದಕ್ಕೆ. ಇಲ್ಲದ ಕರ್ಪೂರವನ್ನು ಕಣ್ಣು ಮುಚ್ಚಿ ಮೂಸಿದಳಲ್ಲ, ಇನ್ನು ಈ ಮನೆಯಲ್ಲಿದ್ದರೆ ಅವಳು ನಿಜಕ್ಕೂ ಸಂತೋಷಪಟ್ಟಾಗ ನನಗೆ ಹೇಗೆ ಗೊತ್ತಾಗಬೇಕು?

ಡಬ್ಬಿಯ ಮುಚ್ಚಳ ಹಾಕಿ ಎದ್ದೆ.

"ಒಂದು ಟೀಗೋಸ್ಕರ ಇಷ್ಟು ಸೀನ್ ಮಾಡ್ತೀಯಾ?" ಎಂದಳು. ನಾನು ಯಾವ ಸೀನೂ ಮಾಡಿರಲಿಲ್ಲ. ಲಿಫ್ಟಿನ ತನಕ ಬಂದಳು. "ಸೋಮವಾರ ಶಿಫ್ಟ್ ಆಗ್ತೀಯಾ ತಾನೇ? ಸೆಕ್ಯುರಿಟಿಗೆ ಹೇಳಬೇಕು."

"ಇಲ್ಲ, ನಾನು ಬರಲ್ಲ," ಎಂದೆ. ಮೊದಲ ಬಾರಿ ಅವಳೆದುರು ನನ್ನ ಮಾತನ್ನು ತಿದ್ದಿಕೊಂಡಿದ್ದೆ. ಅವಳು ಗಮನಿಸಿದಳೋ ಇಲ್ಲವೋ.

ಬೆಡೋಕ್‌ನಲ್ಲೇ ಒಂದು ಕೋಣೆ ಹಿಡಿದೆ. ಡಬ್ಬಿಯಲ್ಲಿದ್ದ ಚೂರಿನಿಂದ ಒಂದು ಭಾನುವಾರ ಚಹಾ ಮಾಡಿಕೊಂಡೆ. ಕಹಿ, ಸಿಹಿ, ಕರ್ಪೂರ, ಎಲ್ಲ ಇತ್ತು. ನೀರಿನ ಬಣ್ಣ ಪೂರ್ತಿ ಹೋಗುವವರೆಗೆ ಒಬ್ಬಳೇ ಕುಡಿದೆ, ಎಲೆಗಳನ್ನು ಕಿಟಕಿಯ ಬಳಿಯ ತುಳಸಿ ಕುಂಡಕ್ಕೆ ಹಾಕಿದೆ.

ಮಾರ್ಕೆಟ್ಟಿಗೆ ಹೋಗುವಾಗ ಅಂಕಲ್ ಅಂಗಡಿಯಿಂದಲೇ ಕೂಗಿ ಕರೆದರು. ಗೆಳತಿ ಎಲ್ಲಿ ಎಂದರು. ದೂರ ಶಿಫ್ಟ್ ಆಗಿದ್ದಾಳೆ ಎಂದೆ.

"ನಿಮ್ಮ ದೇವರ ಚಹಾ? ಈಗ ಹದಕ್ಕೆ ಬಂದಿರ್ಬೇಕಲ್ಲ."

"ಮುಗೀತು ಅಂಕಲ್."

"ಇಷ್ಟು ಬೇಗ! ಹೇಗಿತ್ತು?"

"ಕುಡಿದವರು ಚೆನ್ನಾಗಿತ್ತು ಅಂದರಂತೆ," ಎಂದೆ.

ಅವರು ನನ್ನ ಮುಖ ನೋಡಿದರು. ಒಂದು ಸ್ಟೂಲ್ ಎಳೆದು, ತಾವು ಕುಡಿಯುತ್ತಿದ್ದುದರಿಂದಲೇ ನನಗೊಂದು ಬಟ್ಟಲು ಬಗ್ಗಿಸಿಕೊಟ್ಟರು. ಅದು ಹಸಿಯದೋ ರಾಶಿಯದೋ ಎಂದು ಮೊದಲು ಮೂಸಿ ನೋಡಿದೆ. ಆಮೇಲೆ ಕುಡಿದೆ.