ಕಾಳ್ಯಾ ಕಾರಿನ ಹಿಂದೆ ಓಡಿದ್ದೇಕೆ

೧೯೮೧ರಲ್ಲಿ ನಾನು ಮದರಾಸಿನ ಕ್ರೋಂಪೇಟೆಯಲ್ಲಿ ಸರ್ಕಾರಿ ಪಶುವೈದ್ಯನಾಗಿದ್ದೆ. ನನ್ನ ಬಳಿಗೆ ಬರುತ್ತಿದ್ದದ್ದು ಬಹುಪಾಲು ಎಮ್ಮೆ, ಹಸು, ಮೇಕೆಗಳು. ನಾಯಿಯ ನಡವಳಿಕೆಗೂ ಚಿಕಿತ್ಸೆ ಉಂಟೆಂದು ಕಾಲೇಜಿನಲ್ಲಿ ನಮಗೆ ಯಾರೂ ಪಾಠ ಹೇಳಿರಲಿಲ್ಲ.

ಜೂನ್ ತಿಂಗಳಲ್ಲಿ ಶಿವಪ್ಪನವರು ಆಸ್ಪತ್ರೆಗೆ ಬಂದರು. ಹುಬ್ಬಳ್ಳಿ ಕಡೆಯವರು, ಅಂಬತ್ತೂರಿನ ಕಾರ್ಖಾನೆಗಳಿಗೆ ನಟ್ಟು ಬೋಲ್ಟು ಪೂರೈಸುವ ವ್ಯಾಪಾರಿ. ಅವರ ಮೂರು ವರ್ಷದ ಕರಿ ನಾಯಿ ಕಾಳ್ಯಾ ಬೆಳಗಾದರೆ ಬೊಗಳಲು ಶುರುಮಾಡಿ, ಬೀದಿಯಲ್ಲಿ ಹೋಗುವ ಕಾರು, ಸ್ಕೂಟರುಗಳನ್ನೆಲ್ಲ ಅಟ್ಟಿಸಿಕೊಂಡು ಹೋಗುತ್ತಿತ್ತು. ಹಿಂದಿನ ದಿನ ಎದುರುಮನೆಯ ಮೇಷ್ಟರು ರಾಜಗೋಪಾಲ್ ಸ್ಕೂಟರಿನಿಂದ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದರು. ನಾಯಿ ಹಿಡಿಯುವ ಗಾಡಿಯನ್ನು, ಅಲ್ಲಿಯವರು ನಾಯ್ ವಂಡಿ ಎನ್ನುವುದನ್ನು, ಕರೆಸಲು ಅವರ ಅರ್ಜಿ ಸಿದ್ಧವಾಗಿತ್ತು.

"ಆ ನಾಯ್ ವಂಡಿಗೆ ಕೊಡಾಕ ಮನಸು ಬರವಲ್ದ್ರಿ. ನೀವs ಒಂದು ಇಂಜೆಕ್ಷನ್ ಕೊಟ್ಟು ಮುಗಿಸಿಬಿಡ್ರಿ," ಎಂದರು ಶಿವಪ್ಪ.

ಆ ದಿನ ಮೂವತ್ತು ಎಮ್ಮೆಗಳಿಗೆ ಚುಚ್ಚಿ ಸುಸ್ತಾಗಿದ್ದ ನಾನು ಹೂಂ ಎನ್ನುವವನೇ ಇದ್ದೆ. ಆದರೆ ಮೇಜಿನ ಮೇಲೆ ನಿಂತ ಕಾಳ್ಯಾ ನನ್ನ ಕೈ ನೆಕ್ಕಿತು. ರೋಗವಿಲ್ಲದ ಪ್ರಾಣಿಯನ್ನು ಕೊಲ್ಲಲು ನಾನು ಓದಿದ್ದೇನೆಯೇ ಎಂದು ನನ್ನ ಮೇಲೇ ಸಿಟ್ಟು ಬಂತು. ಸಂಜೆ ಮೇಷ್ಟರ ಮನೆಗೆ ಹೋಗಿ ಕಾಲಾವಕಾಶ ಕೇಳಿದೆ. ಅವರು ಬ್ಯಾಂಡೇಜಿನ ಕೈ ಎತ್ತಿ ತೋರಿಸಿ, "ಪದಿನಂಜು ನಾಳ್ ದಾನ್ ಸಾರ್," ಎಂದರು. ಹದಿನೈದೇ ದಿನ.

ಮೊದಲು ತಪ್ಪಿದವನು ನಾನೇ. ಸರಪಳಿಯಲ್ಲಿ ಕಟ್ಟಿಹಾಕಲು ಹೇಳಿದೆ. ಮೂರು ದಿನಕ್ಕೆ ಬೊಗಳುವುದು ಇಮ್ಮಡಿಯಾಯಿತು. ಅದರ ಜೊತೆಗೆ ಮನೆಮಂದಿಯೆಲ್ಲ "ಏಯ್, ಸುಮ್ಮನಿರೋ!" ಎಂದು ಕೂಗುತ್ತಿದ್ದರು. ತನ್ನ ಬೊಗಳಿಕೆಗೆ ಮನೆಯವರೂ ದನಿಗೂಡಿಸಿದ್ದಾರೆಂದು ನಾಯಿ ತಿಳಿದಿದ್ದರೆ ಅದರ ತಪ್ಪೇನು!

ನಾಲ್ಕನೆಯ ದಿನ ಬೆಳಿಗ್ಗೆ ಎಂಟಕ್ಕೆ ಅವರ ಗೇಟಿನ ಪಕ್ಕದಲ್ಲೇ ನಿಂತು ನೋಡಿದೆ. ಸರಪಳಿ ಬಿಚ್ಚಿಸಿದ್ದೆ. ಶಿವಪ್ಪನವರು ಅಂಬಾಸಿಡರ್ ಕಾರು ಹತ್ತಿ ಹೊರಟರು. ಕಾಳ್ಯಾ ಬೊಗಳುತ್ತ ಬೆನ್ನು ಹತ್ತಿತು. ಕಾರು ಬೀದಿಯ ತಿರುವಿಗೆ ಬಂದಾಗ ಕಿಟಕಿಯಿಂದ ಒಂದು ಜೋಳದ ರೊಟ್ಟಿ ಹಾರಿ ಬಿತ್ತು. ನಾಯಿ ಅದನ್ನು ಕಚ್ಚಿಕೊಂಡು ಗೆದ್ದವನ ಗತ್ತಿನಲ್ಲಿ ಹಿಂದಿರುಗಿತು.

ಸಂಜೆ ಕೇಳಿದೆ. ಶಿವಪ್ಪನವರ ಮನೆದೇವರು ಮೈಲಾರಲಿಂಗ, ಅವನಿಗೆ ನಾಯಿಯೆಂದರೆ ಪ್ರೀತಿ. "ಹೊಸ್ತಿಲ ದಾಟಿದ ಮ್ಯಾಲ ಮೊದಲ ತುತ್ತು ನಾಯಿಗೆ. ಹೊಂಟ ಗಾಡಿ ನಿಂದರಿಸಬಾರದು. ನಮ್ಮಪ್ಪ ಹಾಕಿದ ನೇಮ್ರಿ."

"ನಿಮ್ಮ ತಂದೆಯವರ ಹತ್ರ ಯಾವ ಗಾಡಿ ಇತ್ತು?"

"ಎತ್ತಿನ ಚಕ್ಕಡಿ," ಎಂದವರು ಅಲ್ಲಿಗೇ ನಿಲ್ಲಿಸಿ ನನ್ನ ಮುಖ ನೋಡಿದರು.

ಚಕ್ಕಡಿಯ ಪಕ್ಕದಲ್ಲಿ ನಾಯಿ ನಡೆದೇ ರೊಟ್ಟಿ ತಿನ್ನಬಹುದಿತ್ತು. ಅದೇ ನೇಮವನ್ನು ಅಂಬಾಸಿಡರಿಗೆ ಹಚ್ಚಿದ್ದರಿಂದ ಕಾಳ್ಯಾ ಓಡುವುದನ್ನು ಕಲಿತಿತ್ತು. ಓಡುವ ಯಾವ ವಾಹನದಿಂದಲಾದರೂ ರೊಟ್ಟಿ ಬಿದ್ದೀತು ಎಂಬುದು ಅದರ ಲೆಕ್ಕಾಚಾರ. ಆ ರೊಟ್ಟಿಯನ್ನು ನಡವಳಿಕೆಯ ಶಾಸ್ತ್ರ ರಿವಾರ್ಡ್ ಎನ್ನುತ್ತದೆ, ಎಂದರೆ ಮಾಡಿದ ಕೆಲಸಕ್ಕೆ ಸಿಗುವ ಬಹುಮಾನ.

ನೇಮ ಬಿಡಿ ಎಂದರೆ ಅವರು ಕೇಳುವವರಲ್ಲ, ಹಾಗೆ ಹೇಳುವ ಹಕ್ಕು ನನಗೂ ಇರಲಿಲ್ಲ. "ಹೊಸ್ತಿಲು ದಾಟಿ, ಕಾರು ಹತ್ತೋ ಮುಂಚೆ ಕೊಡಿ. ಅದು ಬಾಯಿ ಮುಚ್ಚಿ ಕೂತ ಮೇಲೇ ಕೊಡಿ. ಬೊಗಳಿದ್ರೆ ಕೈ ಹಿಂದಕ್ಕೆ," ಎಂದೆ. ಯಾರೂ ಕೂಗಬಾರದು. ಕಾರು ಹೊರಡುವಾಗ ಅವರ ಹೆಂಡತಿ ಪಾರ್ವತಮ್ಮ ಹಗ್ಗ ಹಿಡಿದಿರಬೇಕು. ನಾಯಿ ಕಾರಿನಿಂದ ಕಣ್ಣು ತೆಗೆದು ಆಕೆಯ ಕಡೆ ತಿರುಗಿದರೆ ಒಂದು ಚೂರು ರೊಟ್ಟಿ ಕೊಡಬೇಕು.

ಮೊದಮೊದಲು ಗಲಾಟೆ ಹೆಚ್ಚಾಯಿತು. ಎಂಟನೆಯ ದಿನ ಹಗ್ಗ ಆಕೆಯ ಕೈ ಜಾರಿ, ಕಾಳ್ಯಾ ಹೆದ್ದಾರಿಯವರೆಗೂ ಕಾರನ್ನು ಅಟ್ಟಿಸಿಕೊಂಡು ಹೋಯಿತು. ಬಸ್ಸೊಂದು ಕಿರ್ರನೆ ಬ್ರೇಕು ಹಾಕಿತು. ಶಿವಪ್ಪನವರು ಗಾಬರಿಯಲ್ಲಿ ತಮ್ಮ ಬುತ್ತಿಯ ರೊಟ್ಟಿಯನ್ನೇ ಕಿಟಕಿಯಿಂದ ಎಸೆದರು. ಇಷ್ಟು ದಿನದ ಶ್ರಮ ನೀರಿನಲ್ಲಿ ಹೋಮ ಮಾಡಿದಂತಾಯಿತು.

"ಸಾಕ್ರಿ ಡಾಕ್ಟರ್ರ, ಬಸ್ಸಿನಡಿ ಸಾಯೂದಕ್ಕಿಂತ ನಿಮ್ಮ ಸೂಜಿನs ಛಲೋ," ಎಂದರು ಆ ಸಂಜೆ. ನನಗೆ ಕೋಪ ತಡೆಯಲಾಗಲಿಲ್ಲ. "ಇವತ್ತು ನೀವು ಎಸೆದ ಒಂದು ರೊಟ್ಟಿಗೋಸ್ಕರ ಅದು ಇನ್ನೂ ಹತ್ತು ದಿನ ಓಡುತ್ತೆ. ಕೈ ಬಿಗಿ ಹಿಡಿಯೋದು ನಿಮ್ಮಿಂದಾಗದಿದ್ರೆ ಹೇಳಿಬಿಡಿ," ಎಂದು ದಬಾಯಿಸಿದೆ.

ಉತ್ತರ ಕೊಟ್ಟವರು ಪಾರ್ವತಮ್ಮ. ಅಂಗೈಯಲ್ಲಿ ಹಗ್ಗ ಕೊರೆದ ಗಾಯವಿತ್ತು. "ನಾ ಹಿಡೀತೀನ್ರಿ. ಇನ್ನೂ ಏಳು ದಿನ ಅದಾವಲ್ಲ!"

ಮರುದಿನದಿಂದ ಆಕೆ ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡು ನಿಂತರು. ನಾನೂ ಡ್ಯೂಟಿಗೆ ಮುಂಚೆ ದಿನವೂ ಸೈಕಲ್ಲಿನಲ್ಲಿ ಹೋಗುತ್ತಿದ್ದೆ. ಶಿವಪ್ಪನವರು ಒಂದು ತುಂಡನ್ನೂ ಎಸೆಯಲಿಲ್ಲ. ಹನ್ನೆರಡನೆಯ ದಿನ ಕಾರು ಹೊರಟಾಗ ಕಾಳ್ಯಾ ಎರಡು ಸಲ ಬೊಗಳಿ, ಕತ್ತು ತಿರುಗಿಸಿ ಪಾರ್ವತಮ್ಮನ ಮುಖ ನೋಡಿತು. ಆಕೆ ಅಳುತ್ತಲೇ ರೊಟ್ಟಿ ಕೊಟ್ಟರು.

ಹದಿನೈದನೆಯ ದಿನ ಮೇಷ್ಟರು ಸ್ಕೂಟರು ಓಡಿಸಲು ತಮ್ಮನನ್ನು ಕೂರಿಸಿ, ತಾವು ಹಿಂದೆ ಕುಳಿತು, ಬೀದಿಯಲ್ಲಿ ಮೂರು ಸುತ್ತು ಹೊಡೆಸಿದರು. ಹಗ್ಗ ಬಿಚ್ಚಿಸಿದ್ದೆ. ಮೊದಲ ಸುತ್ತಿಗೆ ಕಾಳ್ಯಾ ಎದ್ದು ನಿಂತಿತು. ಎರಡನೆಯದಕ್ಕೆ ಒಮ್ಮೆ ಬೊಗಳಿತು. ಮೂರನೆಯದಕ್ಕೆ ಹೊಸ್ತಿಲ ಮುಂದೆ ಕೂತು ಪಾರ್ವತಮ್ಮನ ಕೈಯನ್ನೇ ನೋಡುತ್ತಿತ್ತು. ಮೇಷ್ಟರು ಇಳಿದು ಬಂದು, ಜೇಬಿನಲ್ಲಿದ್ದ ಅರ್ಜಿಯನ್ನು ನನ್ನ ಕೈಗಿಟ್ಟು ಹೋದರು.

ಶಿವಪ್ಪನವರು ನಾಯಿಯ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು, "ಮೂರು ವರ್ಷ ಓಡಿಸಿದಾಂವ ನಾನು. ಸಾಯಸಾಕ ತಂದಿದ್ದು ಮಾತ್ರ ಇದನ್ನ," ಎಂದರು.

ಆ ಮಾತು ನನಗೂ ತಾಗಿತು. ಸೂಜಿ ಹಿಡಿಯಲು ಹೊರಟಿದ್ದವನು ನಾನೂ ತಾನೇ? ಅಂದಿನಿಂದ ನಿವೃತ್ತಿಯ ದಿನದವರೆಗೆ, ಯಾರು ಯಾವ ಕೆಟ್ಟ ನಾಯಿಯನ್ನು ತಂದರೂ ಅದನ್ನು ಮುಟ್ಟುವ ಮೊದಲು ತಂದವರನ್ನು ಎರಡು ಪ್ರಶ್ನೆ ಕೇಳುತ್ತಿದ್ದೆ: ಇದಕ್ಕೆ ಊಟ ಹಾಕುವವರು ಯಾರು, ಇದು ಏನು ಮಾಡಿದಾಗ ಹಾಕುತ್ತೀರಿ?