ಹುಲಿಮುಖದ ಚಕ್ರ

ಕೊಳ್ಳೇಗಾಲದಲ್ಲಿ ನನ್ನ ಮನೆಯೆದುರು ಈಚೆಗೆ ಕಾರು ತೊಳೆಯುವ ಅಂಗಡಿಯೊಂದು ಬಂದಿದೆ. ಭಾನುವಾರ ಬೆಳಿಗ್ಗೆ ಅಲ್ಲಿಂದ ಹೊರಟ ಪಾಲಿಶ್ ವಾಸನೆ ರಸ್ತೆ ದಾಟಿ ನೇರವಾಗಿ ನನ್ನ ಕಾಫಿ ಲೋಟಕ್ಕೇ ಇಳಿಯುತ್ತದೆ. ಸೀಮೆಎಣ್ಣೆಗೆ ಯಾರೋ ಹಣ್ಣಿನ ಷರಬತ್ತು ಬೆರೆಸಿದಂಥ ವಾಸನೆ. ಅದು ಮೂಗಿಗೆ ಬಡಿದರೆ ನನ್ನ ಅಂಗೈ ತಣ್ಣಗಾಗುತ್ತದೆ. ನಿಮಗೆ ಬಿಡುವಿದ್ದರೆ ಕೂತುಕೊಳ್ಳಿ, ಯಾಕೆಂದು ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ನಾನು ಯಳಂದೂರಿನಲ್ಲಿ ಅತಿಥಿ ಉಪನ್ಯಾಸಕನಾಗಿದ್ದೆ. ಊಟ ವಸತಿ ಅಕ್ಕನ ಮನೆಯಲ್ಲಿ. ಹಾಗಾಗಿ ಅತಿಥಿ ಎಂಬ ಪದವಿಯನ್ನು ಎರಡೂ ಕಡೆ ಅನುಭವಿಸಿದೆ ಅನ್ನಿ. ಭಾವ ಗುರುಸ್ವಾಮಿಯವರದು ಗೊಬ್ಬರದ ಅಂಗಡಿ. ಮಾತು ಕಡಿಮೆ. ಅವರ ಪ್ರೀತಿಯೆಲ್ಲ ಒಂದು ಹಳೇ ಕಾರಿನ ಮೇಲೆ, ಅದರಲ್ಲೂ ಅದರ ಚಕ್ರಗಳ ಮೇಲೆ. ಕೊಳ್ಳೇಗಾಲದ ಗುಜರಿಯೊಂದರಲ್ಲಿ ಸಿಕ್ಕ ಅಲಾಯ್ ಚಕ್ರಗಳವು. ಯಾರೋ ಹೇಳಿ ಮಾಡಿಸಿದ್ದು. ಅಂಥವನ್ನು ನಾನು ಬೇರೆಲ್ಲೂ ನೋಡಿಲ್ಲ. ಕಡ್ಡಿಗಳು ಉಗುರಿನಂತೆ ಬಾಗಿ, ನಡುವೆ ಒಂದು ಹುಲಿಯ ಮುಖ. "ಮಾದಪ್ಪನ ವಾಹನ ನಮ್ ಮನೆಗೆ ಬಂತು ಕಣಯ್ಯ" ಎಂದು ಭಾವ ಮೊದಲ ದಿನ ಹಿಗ್ಗಿದ್ದರು.

ಪ್ರತಿ ಭಾನುವಾರ ಅವುಗಳ ಸೇವೆ. ಓಡಿಸಿ ತಂದ ಕೂಡಲೇ ಚಕ್ರಕ್ಕೆ ನೀರು ಹಾಕುವಂತಿಲ್ಲ. ಬಿಸಿ ಲೋಹದ ಮೇಲೆ ಸೋಪು ಒಣಗಿದರೆ ಕಲೆ ಉಳಿಯುತ್ತದೆ. ತಣ್ಣಗಾಗುವವರೆಗೆ ಭಾವ ಪೇಪರ್ ಓದುತ್ತ ಕಾಯುತ್ತಿದ್ದರು. ಚಕ್ರಕ್ಕೇ ಬೇರೆ ಬಕೆಟ್ಟು, ಬೇರೆ ಬಟ್ಟೆ. ಬ್ರೇಕಿನಿಂದ ಉದುರಿದ ಕರಿಪುಡಿಯನ್ನು ಬಣ್ಣ ಬಳಿಯುವ ಬ್ರಷ್ಷಿನಿಂದ ಕೆದರಿ, ನಟ್ಟುಗಳ ಗುಳಿಗೆ ಹಳೇ ಹಲ್ಲುಜ್ಜುವ ಬ್ರಷ್ ಹಾಕಿ, ಬೋರ್‌ವೆಲ್ ನೀರಿನ ಬಿಳಿ ಕಲೆ ನಿಲ್ಲದಂತೆ ಆಗಿಂದಾಗಲೇ ಒರೆಸಿ, ಪಾಲಿಶ್ ತಿಕ್ಕಿ, ಕೊನೆಗೆ ಮೇಣ ಸವರುವುದು. ಮೇಣ ಮಂಜಿನಂತೆ ಬೆಳ್ಳಗಾದ ಮೇಲೆ ಒರೆಸಿದರೆ ಆಯಿತು, ಹುಲಿ ಎಚ್ಚರಗೊಳ್ಳುತ್ತಿತ್ತು. ನನ್ನ ಪಾಲಿಗೆ ಬಟ್ಟೆ ಹಿಂಡುವ ಕೆಲಸ. ಎಂ.ಎ. ಓದಿದವನು ಹಿಂಡಿದ್ದು ಸಾಲದೆಂದು ಭಾವ ಅದನ್ನು ಮತ್ತೊಮ್ಮೆ ಹಿಂಡುತ್ತಿದ್ದರು.

ಒಂದೇ ಕೊರತೆ. ಮುಂದಿನ ಎಡ ಚಕ್ರದ ಅಂಚಿನಲ್ಲಿ ಅರ್ಧಚಂದ್ರದ ಆಕಾರಕ್ಕೆ ಒರಟು ಗೀರುಗಳು. ಎಷ್ಟು ತಿಕ್ಕಿದರೂ ಮಂಕು. ಮೈಸೂರಿಗೆ ಒಯ್ದು, ಮೇಲ್ಪದರ ಕೆರೆಸಿ, ಹೊಸದಾಗಿ ಕೋಟಿಂಗ್ ಮಾಡಿಸಬೇಕೆಂದು ಭಾವ ತೀರ್ಮಾನಿಸಿದ್ದರು.

ಆಗಲೇ ಆ ಅಂಗೈ ಗುರುತು ಶುರುವಾದದ್ದು. ಮನೆಗೆ ಕಾಂಪೌಂಡ್ ಇಲ್ಲದ್ದರಿಂದ ಕಾರು ಬೀದಿಯಲ್ಲೇ, ಹೊಂಗೆ ಮರದ ಕೆಳಗೆ ನಿಲ್ಲುತ್ತಿತ್ತು. ಬೆಳಿಗ್ಗೆ ಎದ್ದು ನೋಡಿದರೆ ಚಕ್ರಗಳ ಮೇಲೆಲ್ಲ ಇಬ್ಬನಿ. ಮುಂದಿನ ಎಡ ಚಕ್ರದ ಆ ಗೀರುಗಳ ಮೇಲೆ ಮಾತ್ರ ಐದು ಬೆರಳು ಬಿಡಿಸಿದ ಒಂದು ಕೈಯಷ್ಟು ಜಾಗ ಒಣಗಿರುತ್ತಿತ್ತು. ಕಿರುಬೆರಳು ಹೊರಕ್ಕೆ ಸೊಟ್ಟ. ಭಾವ ಒರೆಸುವರು, ಮಾರನೇ ದಿನ ಮತ್ತೆ ಇರುವುದು. ಯಾವಾಗಲೂ ಅದೇ ಚಕ್ರ, ಅದೇ ಜಾಗ. ಅಕ್ಕ ನಿಂಬೆಹಣ್ಣು ನಿವಾಳಿಸಿದಳು. ನಾನು ಜನರ ಮುಖ ನೋಡುವುದು ಬಿಟ್ಟು ಕೈ ನೋಡತೊಡಗಿದೆ. ಚಾಮರಾಜನಗರದ ಬಸ್ಸಿನಲ್ಲಿ ಕಂಡಕ್ಟರು ಟಿಕೆಟ್ ಕೊಟ್ಟರೆ ಅವರ ಕಿರುಬೆರಳನ್ನೇ ದಿಟ್ಟಿಸುತ್ತಿದ್ದೆ. ಅವರು ಕೈ ಹಿಂದಕ್ಕೆಳೆದುಕೊಂಡು, "ಏನ್ ಸಾ?" ಎಂದರು.

ಕಡೆಗೊಂದು ದಿನ ಬೆಳಕು ಹರಿಯುವ ಮುಂಚೆ ಎದ್ದು ಭಾವ, ನಾನು ಬಾಗಿಲ ಸಂದಿಯಲ್ಲಿ ನಿಂತೆವು. ತಲೆ ಮೇಲೆ ಸೆರಗು ಹೊದ್ದ ಹೆಂಗಸೊಬ್ಬರು ಸದ್ದಿಲ್ಲದೆ ಬಂದು ಚಕ್ರದ ಬಳಿ ಕುಕ್ಕರಗಾಲಲ್ಲಿ ಕೂತರು. ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ ಅಂಗೈ ಇಟ್ಟರು. ಸ್ವಲ್ಪ ಹೊತ್ತು ಇಟ್ಟೇ ಇದ್ದರು.

"ಯಾರವ್ವ ನೀನು?" ಭಾವ ಹೊರಗೆ ಬಂದರು.

ಆಕೆ ಬೆಚ್ಚಿ ಎದ್ದರು. "ತಪ್ಪಾಯ್ತು ಸಾ. ಬಿಸಿ ಅದಾ ಅಂತ ನೋಡ್ತಿದ್ದೆ."

"ನೆನ್ನೆಯಿಂದ ನಿಂತಿರೋ ಗಾಡಿ ಯಾಕವ್ವ ಬಿಸಿ ಇದ್ದದು?"

"ದಿನಾ ತಣ್ಣಗೇ ಇರ್ತದ ಸಾ. ಎಬ್ಬುಸ್ಬೇಕು. ಯಾರ್ನ ಎಬ್ಬುಸ್ಲಿ?"

ನಾನು ಆಕೆಯ ಕೈ ನೋಡಿದೆ. ಕಿರುಬೆರಳು ಹೊರಕ್ಕೆ ಸೊಟ್ಟ.

ಆಕೆ ಮಾದಮ್ಮ. ಊರು ಹನೂರಿನಾಚೆಯ ಹೂಗ್ಯಂ. ಈಚೆಗೆ ಮಗಳ ಮನೆಗೆಂದು ಯಳಂದೂರಿಗೆ ಬಂದು, ಹಾಸ್ಟೆಲಿನ ಅಡುಗೆಗೆ ನಸುಕಿನಲ್ಲೇ ನಮ್ಮ ಬೀದಿಯಿಂದ ಹೋಗುತ್ತಿದ್ದರು. ಮಗ ಮಾದೇಶ, ಮಾದಪ್ಪನ ಬೆಟ್ಟಕ್ಕೆ ಭಕ್ತರನ್ನು ಕರೆದೊಯ್ಯುವ ಕಾರಿನ ಡ್ರೈವರು. "ಒತ್ತಲ್ದ ಒತ್ನಲ್ಲಿ ಬರೋನು ಸಾ. ನನ್ನ ಎಬ್ಬುಸ್ಬಾರ್ದು ಅಂತ ಗಾಡಿಲೇ ಮಲಿಕಳನು. ನಾನೆದ್ದು ಚಕ್ರ ಮುಟ್ಟಿ ನೋಡೋದು. ಬಿಸಿ ಇದ್ರೆ ಈಗ್ತಾನೆ ಬಂದವ್ನೆ, ಮಲಗ್ಲಿ ಅಂತ ಬುಟ್ಬುಡೋದು. ತಣ್ಣಗಿದ್ರೆ ಬಂದು ಬಾಳ ಒತ್ತಾಗದ, ಅಸ್ದಿರ್ತನೆ ಅಂತ ಎಬ್ಬಿಸಿ ಮುದ್ದೆ ಇಕ್ಕೋದು." ಬೆಟ್ಟದ ದಾರಿಯ ಒಂದು ತಿರುವಿನಲ್ಲಿ ಅವನ ಕಾರು ಕಣಿವೆಗೆ ಜಾರಿತು, ಅವನು ಉಳಿಯಲಿಲ್ಲ. ಕಾರು ಗುಜರಿಗೆ ಹೋಯಿತು, ಆಸೆಪಟ್ಟು ಕೊಯಮತ್ತೂರಿನಲ್ಲಿ ಮಾಡಿಸಿದ್ದ ಹುಲಿ ಚಕ್ರಗಳು ಮಾತ್ರ ಮುಕ್ಕಾಗದೆ ಉಳಿದವು.

"ಈ ಗೀರು ನಂದೇ ಸಾ. ಹೊಸ್ತರಲ್ಲಿ ಬೂದಿ, ನಾರು ತಕಂಡು ಉಜ್ಬುಟ್ಟಿದ್ದೆ. 'ಅವ್ವಾ, ಇದೇನು ತಂಬಿಗೆನಾ?' ಅಂತ ಬೈಕಂಡು ನಕ್ಕಿದ್ದ."

ಭಾವ ಕೈಯಲ್ಲಿದ್ದ ಬಟ್ಟೆಯನ್ನು ಮಡಚಿ ಜೇಬಿಗೆ ತುರುಕಿಕೊಂಡರು. "ಬಿಚ್ಕೊಡ್ತೀನಿ ಅವ್ವ, ತಕಂಡೋಗು" ಎಂದರು.

"ಗಾಡಿ ಇಲ್ದ ಚಕ್ರ ತಕಂಡು ಏನ್ಮಾಡ್ಲಿ? ಒಂದ್ಸಲ ಆ ತಿರುವ್ಗೆ ಕರ್ಕಂಡೋಗಿ ಸಾ. ಅಲ್ಲಿಂದ ಅವ್ನು ಮನೆಗೇ ಬಂದಿಲ್ಲ."

ಅಕ್ಕ ಅತ್ತಳು. "ಅದೇ ಚಕ್ರ ಆಕ್ಕಂಡು ಅದೇ ಜಾಗುಕ್ಕಾ? ಬ್ಯಾಡ ಕಣ್ರೀ." ಭಾವ ಒಪ್ಪಿಕೊಂಡಾಗಿತ್ತು. ನನಗೂ ಆ ದಿನ ಕಾಲೇಜಿನಲ್ಲಿ ತುರ್ತು ಕೆಲಸವಿದ್ದರೆ ಎಷ್ಟು ಚೆನ್ನಾಗಿತ್ತು ಎನ್ನಿಸಿತು, ಇರಲಿಲ್ಲ, ಹೋದೆ.

ಹನೂರು ದಾಟಿ, ತಾಳಬೆಟ್ಟ ದಾಟಿ ಏರತೊಡಗಿದೆವು. ಜಿನುಗು ಮಳೆ. ಏರುದಾರಿಯಲ್ಲಿ ಬ್ರೇಕ್ ತುಳಿಯುವ ಪ್ರಸಂಗವೇ ಕಡಿಮೆ, ಭಾವ ಎತ್ತಿನಗಾಡಿಯ ವೇಗದಲ್ಲಿ ಹೋಗುತ್ತಿದ್ದರು. "ಇಲ್ಲೇ ಸಾ" ಎಂದಾಗ ನಿಲ್ಲಿಸಿದರು. ಕೋತಿಗಳೂ ಇರಲಿಲ್ಲ, ಗಾಳಿಯೂ ಇರಲಿಲ್ಲ. ಮಾದಮ್ಮ ಇಳಿದು ಕಣಿವೆಯ ಕಡೆ ನೋಡಲೂ ಇಲ್ಲ. ಗೀರಿನ ಚಕ್ರದ ಬಳಿ ಕೂತು ಅಂಗೈ ಇಟ್ಟರು. ಅವರ ಮುಖ ಅರಳಿತು.

"ಬಿಸಿ ಅದ" ಎಂದರು. ಆಮೇಲೆ ನಮ್ಮ ಕಡೆ ತಿರುಗಿ, ಬೆರಳನ್ನು ತುಟಿಗಿಟ್ಟು, ಪಿಸುದನಿಯಲ್ಲಿ, "ಈಗ್ತಾನೆ ಬಂದವ್ನೆ. ಎಬ್ಬುಸ್ಬ್ಯಾಡಿ."

ಓಡಿದ ಚಕ್ರ ಬೆಚ್ಚಗಿರುತ್ತದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತ ಬಲಗಡೆಯ ಚಕ್ರ ಮುಟ್ಟಿದೆ. ಮಳೆಗೆ ನೆನೆದು ತಣ್ಣಗಿತ್ತು. ಎಡಗಡೆಯದನ್ನು ಮುಟ್ಟಿ ಕೈ ಹಿಂದಕ್ಕೆಳೆದುಕೊಂಡೆ, ಒಲೆಯಿಂದ ಈಗ ಇಳಿಸಿದ ಪಾತ್ರೆ. ಭಾವನೂ ಮುಟ್ಟಿದರು. ಬಾಗಿಲುಗಳನ್ನು ಸದ್ದಾಗದಂತೆ, ಒತ್ತಿ ಮುಚ್ಚಿದರು.

ಮಾದಮ್ಮ ಹಿಂದಿನ ಸೀಟಿನ ಮೂಲೆಗೆ ಸರಿದು, ಉಳಿದ ಜಾಗದ ಮೇಲೆ ಸೆರಗು ಹರಡಿ ಕೂತರು. ಬೆಟ್ಟದಲ್ಲಿ ಕೈಮುಗಿದು ಇಳಿದು ಬರುವವರೆಗೆ ಮೂವರೂ ಮಾತಾಡಿದ್ದೆಲ್ಲ ಪಿಸುದನಿಯಲ್ಲೇ. ವಾಪಸು ಬರುವಾಗ ಆಕೆ ಹೂಗ್ಯಂನಲ್ಲೇ ಇಳಿದು, ಬೀಗ ಹಾಕಿದ್ದ ತಮ್ಮ ಮನೆ ತೆಗೆದರು. ಮಗಳು ಎಷ್ಟು ಕರೆದರೂ ಮತ್ತೆ ಯಳಂದೂರಿಗೆ ಬರಲಿಲ್ಲ. "ಮಗ ಮನೇಲಿರುವಾಗ ಮಗಳ ಮನೇಲಿ ಯಾಕಿರ್ಲಿ?" ಎಂದರಂತೆ. ಹನೂರಿನ ಮೆಕ್ಯಾನಿಕ್ ಚಕ್ರ ಬಿಚ್ಚಿ, ಬ್ರೇಕು, ಬೇರಿಂಗು ಎಲ್ಲ ನೋಡಿ, "ಏನೂ ತೊಂದ್ರಿಲ್ಲ ಸಾ" ಎಂದ.

ಮೈಸೂರಿನ ಕೋಟಿಂಗ್ ಮಾತನ್ನು ಭಾವ ಮತ್ತೆ ಎತ್ತಲಿಲ್ಲ. ನಾನು ಈಗ ಸ್ವಂತ ಕಾರು ಇಟ್ಟುಕೊಂಡಿದ್ದೇನೆ. ನೆಂಟರಿಷ್ಟರನ್ನು ಬೆಟ್ಟಕ್ಕೆ ಕರೆದೊಯ್ಯುವುದು ಇದ್ದೇ ಇದೆ. ಆ ತಿರುವಿನಲ್ಲಿ 'ಹಾರ್ನ್ ಮಾಡಿ' ಎಂಬ ಹಳದಿ ಬೋರ್ಡು ನೆಟ್ಟಿದ್ದಾರೆ. ಮಗ ಮನೆಗೆ ಬಂದನೆಂದು ಮಾದಮ್ಮ ಹೇಳಿದ್ದರೂ ನಾನು ಲೈಟು ಮಿಟುಕಿಸಿ, ಆದಷ್ಟು ನಿಧಾನವಾಗಿ, ಉಸಿರು ಹಿಡಿದು ದಾಟುತ್ತೇನೆ. ಪಕ್ಕದಲ್ಲಿ ಕೂತವರು ಬೋರ್ಡು ತೋರಿಸಿ ಗದರಿದರೆ, ಹಾರ್ನ್ ಕೆಟ್ಟಿದೆ ಎಂದು ಅವರ ಕಿವಿಯ ಹತ್ತಿರ ಮೆಲ್ಲಗೆ ಹೇಳುತ್ತೇನೆ.